ಸುಟ್ಟ ಮರ ನಿಂತಲ್ಲೇ ಕೊಳೆಯುತ್ತಿದೆ, ಅಮೆರಿಕದ ಸರ್ಕಾರಿ ಕಾಡಿನಲ್ಲಿ ಇದನ್ನು ಯಾಕೆ ಕಡಿಯುವುದಿಲ್ಲ?

ಮಳೆಹುಚ್ಚ:
ಹೋದ ತಿಂಗಳು ಮನೆಯವರನ್ನೆಲ್ಲ ಕರೆದುಕೊಂಡು ಒರೆಗಾನಿನ ಮೆಕೆಂಜಿ ನದಿ ಪಕ್ಕದ 126ನೇ ಹೆದ್ದಾರಿಯಲ್ಲಿ ಹೋಗಿದ್ದೆ. 2020ರ ಸೆಪ್ಟೆಂಬರಿನಲ್ಲಿ ಹಾಲಿಡೇ ಫಾರ್ಮ್ ಬೆಂಕಿ ಹೊತ್ತಿ ಸುಮಾರು 1,73,000 ಎಕರೆ ಸುಟ್ಟಿತಲ್ಲ, ಅದೇ ಜಾಗ. ಅಲ್ಲಿ ನೋಡಿದ್ದು ತಲೆಯಿಂದ ಹೋಗುತ್ತಿಲ್ಲ. ಒಂದು ಗುಡ್ಡ ಪೂರಾ ಬೋಳಿಸಿ ಸಾಲಾಗಿ ಸಸಿ ನೆಟ್ಟಿದ್ದಾರೆ, ಅದು ಖಾಸಗಿ ಕಂಪನಿಯ ಜಾಗವಂತೆ. ಅದರ ಪಕ್ಕದ ಗುಡ್ಡ ಸರ್ಕಾರದ್ದು. ಅಲ್ಲಿ ಸತ್ತ ಮರಗಳು ಕರೆಂಟ್ ಕಂಬದ ಹಾಗೆ ಕಪ್ಪಗೆ ಸಾವಿರಗಟ್ಟಲೆ ನಿಂತೇ ಇವೆ, ತೊಗಟೆ ಉದುರುತ್ತಿದೆ. ಮಗಳು ಕೇಳಿದಳು, "ಅಪ್ಪ, ಸತ್ತ ಮರ ತಾನೇ, ಕಡಿದು ಮಾರಿದರೆ ಏನು ಹೋಗುತ್ತೆ?" ನನಗೆ ಉತ್ತರ ಗೊತ್ತಿರಲಿಲ್ಲ. ಪೆಟ್ರೋಲ್ ಹಾಕಿಸಿದ ಕಡೆ ಒಬ್ಬರು "ಎಲ್ಲ ಪರಿಸರದ ರೂಲ್ಸು, ಪೇಪರ್ ತುಂಬಿಸುವುದರೊಳಗೆ ಮರ ಪುಡಿಯಾಗುತ್ತದೆ" ಅಂದರು. ಇದು ನಿಜವಾ? ಇಲ್ಲಿ ಕಾಡಿನ ಕೆಲಸ ಗೊತ್ತಿರುವವರು ಇದ್ದರೆ ಹೇಳಿ.

ದಾವಣಗೆರೆ ಬೆಣ್ಣೆ:
ಅಲ್ಲಿಯೂ ಫೈಲ್ ಒಂದು ಟೇಬಲ್ಲಿಂದ ಇನ್ನೊಂದು ಟೇಬಲ್ಲಿಗೆ ಹೋಗೋಕೆ ವರ್ಷ ಬೇಕಾ? ಕೇಳಿ ಸಮಾಧಾನವಾಯಿತು ಗುರು.

ಪುತ್ತೂರಿನ ಗರಗಸ:
ಮರದ ಕಡೆಯಿಂದ ನೋಡಿದರೆ ಪೆಟ್ರೋಲ್ ಬಂಕಿನವರು ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ ಮಾರಾಯ್ರೆ. ನಮ್ಮದು ರಬ್ಬರ್ ಮರ ಸೀಳುವ ಕೆಲಸ. ರಬ್ಬರ್ ಮರ ಉರುಳಿಸಿ ಒಂದು ವಾರ ಸುಮ್ನೆ ಬಿಟ್ಟು ನೋಡಿ, ಒಳಗೆಲ್ಲ ನೀಲಿ ಬೂಸಲು. ಅದಕ್ಕೇ ತಕ್ಷಣ ಸೀಳಿ ಬೋರಾಕ್ಸ್ ಮದ್ದು ಕೊಡುವುದು. ಪೈನ್ ಜಾತಿಗೂ ಅದೇ ಕಾಯಿಲೆ. ಸುಟ್ಟು ಸತ್ತ ಪಾಂಡೆರೋಸಾ ಪೈನಿಗೆ ಮೊದಲ ಬೇಸಿಗೆಯಲ್ಲೇ ನೀಲಿ ಕಲೆ ಹತ್ತುತ್ತದೆ. ಗಟ್ಟಿತನ ಅಷ್ಟೇನೂ ಹೋಗುವುದಿಲ್ಲ, ಆದರೆ ಬಣ್ಣ ಹೋದ ಮೇಲೆ ರೇಟು ಎಲ್ಲಿಂದ ಬರಬೇಕು? ಆಮೇಲೆ ಕೊರಕ ಹುಳ, ಆಮೇಲೆ ಒಣಗಿ ಉದ್ದಕ್ಕೂ ಬಿರುಕು. ಡಗ್ಲಸ್ ಫರ್ ದಪ್ಪ ಮರವಾದರೆ ಸ್ವಲ್ಪ ತಡೆಯುತ್ತದೆ, ಹೊರಗಿನ ಬಿಳಿ ಭಾಗ ಕೊಳೆತರೂ ಒಳಗಿನ ಕೆಂಪು ಚೇಗು ಕೆಲವು ವರ್ಷ ನಿಲ್ಲುತ್ತದೆ. ಸಣ್ಣ ಮರವಾದರೆ ಎರಡು ವರ್ಷ ಕಳೆದ ಮೇಲೆ ಕಡಿಯುವ ಕೂಲಿಯೂ ಹುಟ್ಟುವುದಿಲ್ಲ. ಖಾಸಗಿಯವರು ಹೊಗೆ ಆರುವ ಮೊದಲೇ ಗರಗಸ ಹಿಡಿದು ಓಡುವುದು ಇದಕ್ಕೇ.

ಕಾಡುಹಾದಿ:
ನಾನು ಈ ಕಡೆಯೇ ಫಾರೆಸ್ಟ್ರಿ ಓದಿ ಹದಿನೈದು ವರ್ಷದಿಂದ ಸರ್ವೆ ಕೆಲಸ ಮಾಡುತ್ತಿದ್ದೇನೆ. ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಖಾಸಗಿ ಜಮೀನಿಗೆ ರಾಜ್ಯದ ಅರಣ್ಯ ಕಾನೂನು ಇದೆ, ಅದರ ಪ್ರಕಾರ ನೋಟಿಸ್ ಕೊಟ್ಟು ಕಡಿಯಬಹುದು. ಫೆಡರಲ್ ಸರ್ಕಾರದ ಕಾಡಿಗೆ ನೀಪಾ (ರಾಷ್ಟ್ರೀಯ ಪರಿಸರ ನೀತಿ ಕಾಯ್ದೆ) ಅಂತ ಬೇರೆ ಕಾನೂನು. 1970ರ ಜನವರಿ 1ರಂದು ನಿಕ್ಸನ್ ಸಹಿ ಹಾಕಿದ್ದು. ತಮಾಷೆ ಏನೆಂದರೆ, ನೀಪಾ ಯಾವ ಮರವನ್ನೂ ಕಡಿಯಬೇಡ ಅನ್ನುವುದಿಲ್ಲ. ಕಡಿದರೆ ಏನಾಗುತ್ತದೆ, ಕಡಿಯದೇ ಇದ್ದರೆ ಏನಾಗುತ್ತದೆ, ಬೇರೆ ದಾರಿ ಏನಿದೆ, ಇಷ್ಟನ್ನು ಬರೆದು ಜನರ ಮುಂದಿಡು ಅನ್ನುತ್ತದೆ. ಆಮೇಲೆ ನಿನಗೆ ಬೇಕಾದ್ದು ಮಾಡು. ಗೂಬೆ, ಮೀನು, ನೀರು ಇವುಗಳಿಗೆ ರಕ್ಷಣೆ ಕೊಡುವುದು ಬೇರೆ ಕಾನೂನುಗಳು.

ಬರೆಯುವುದರಲ್ಲಿ ಮೂರು ದಾರಿ. ದೊಡ್ಡದು ಪೂರ್ತಿ ಪರಿಣಾಮ ವರದಿ, ನೂರಾರು ಪುಟ, ವರ್ಷಗಟ್ಟಲೆ. ನಡುವಿನದು ಸಣ್ಣ ವರದಿ. ಮೂರನೆಯದು ವಿನಾಯಿತಿ, ಅಂದರೆ ಈ ಥರದ ಸಣ್ಣ ಕೆಲಸದಿಂದ ದೊಡ್ಡ ಪರಿಣಾಮ ಆಗುವುದಿಲ್ಲ ಅಂತ ಮೊದಲೇ ತೀರ್ಮಾನವಾಗಿರುತ್ತದೆ, ಹಾಗಾಗಿ ವರದಿ ಬೇಡ. ಸುಟ್ಟ, ಸತ್ತ ಮರ ಕಡಿಯಲು ಫಾರೆಸ್ಟ್ ಸರ್ವಿಸ್ (ರಾಷ್ಟ್ರೀಯ ಅರಣ್ಯ ನೋಡಿಕೊಳ್ಳುವ ಫೆಡರಲ್ ಇಲಾಖೆ) 2003ರಲ್ಲಿ ಮಾಡಿಕೊಂಡ ವಿನಾಯಿತಿ 250 ಎಕರೆವರೆಗೆ, ಅರ್ಧ ಮೈಲಿಗಿಂತ ಹೆಚ್ಚು ತಾತ್ಕಾಲಿಕ ರಸ್ತೆ ಹಾಕುವ ಹಾಗಿಲ್ಲ. ನೀವು ನೋಡಿದ ಬೆಂಕಿ 1,73,000 ಎಕರೆ. ಅದರ ಮುಂದೆ 250 ಎಕರೆ ಅಂದರೆ ಹಿತ್ತಿಲು.

ಮಳೆಹುಚ್ಚ:
ಅಂದರೆ 250ಕ್ಕಿಂತ ಜಾಸ್ತಿ ಬೇಕಾದರೆ ವರ್ಷಗಟ್ಟಲೆ ವರದಿ, ಅಷ್ಟರೊಳಗೆ ಮರ ಕೊಳೆಯುತ್ತದೆ. ಹಾಗಾದರೆ ಬಂಕಿನವರು ಹೇಳಿದ್ದು ಸರಿಯೇ ಆಯಿತಲ್ಲ?

ಕಾಡುಹಾದಿ:
ಪೂರ್ತಿ ಸರಿಯಲ್ಲ. ಎರಡು ಬೆಂಕಿಗಳ ಕಥೆ ಹೇಳುತ್ತೇನೆ, ಆಮೇಲೆ ನೀವೇ ಹೇಳಿ.

2002ರ ಜುಲೈಯಲ್ಲಿ ಒರೆಗಾನಿನ ನೈರುತ್ಯ ಮೂಲೆಯಲ್ಲಿ ಸಿಡಿಲು ಬಡಿದು ಬಿಸ್ಕಟ್ ಫೈರ್ ಹೊತ್ತಿತು. ಹೆಸರು ತಮಾಷೆಯಾಗಿದೆ, ಸುಟ್ಟಿದ್ದು ಹತ್ತಿರಹತ್ತಿರ 5 ಲಕ್ಷ ಎಕರೆ. ಫಾರೆಸ್ಟ್ ಸರ್ವಿಸಿನವರು ಮೊದಲು ಸುಮಾರು 10 ಕೋಟಿ ಬೋರ್ಡ್ ಫೂಟ್ ತೆಗೆಯುವ ಯೋಚನೆಯಲ್ಲಿದ್ದರು. (12 ಬೋರ್ಡ್ ಫೂಟ್ ಅಂದರೆ ನಮ್ಮ ಒಂದು ಸಿಎಫ್‌ಟಿ, ಒಂದು ಘನ ಅಡಿ.) 2003ರಲ್ಲಿ ಒರೆಗಾನ್ ಸ್ಟೇಟ್ ಯೂನಿವರ್ಸಿಟಿಯಿಂದ ಒಂದು ವರದಿ ಬಂತು, ಅಲ್ಲಿ 200 ಕೋಟಿಗೂ ಹೆಚ್ಚು ಬೋರ್ಡ್ ಫೂಟ್ ಮರ ಇದೆ ಅಂತ. ತಕ್ಷಣ ಇವರ ಆಸೆ ಉಬ್ಬಿತು. ಕರಡು ವರದಿಯಲ್ಲಿ ಸುಮಾರು 52 ಕೋಟಿ, ಕೊನೆಗೆ 2004ರ ಬೇಸಿಗೆಯಲ್ಲಿ ತೀರ್ಮಾನ ಬಂದಾಗ ಸುಮಾರು 37 ಕೋಟಿ. ಇಷ್ಟು ಹೊತ್ತಿಗೆ ಬೆಂಕಿಯಾಗಿ ಎರಡು ವರ್ಷ. ಯೋಜನೆ ಹಿಗ್ಗಿಸಿದ್ದರಿಂದ ಅದು ರಸ್ತೆಯಿಲ್ಲದ ಕಾಡಿಗೂ ಹಳೇ ಕಾಡಿನ ಮೀಸಲಿಗೂ ಕೈಹಾಕಿತು. ಅಲ್ಲಿ ಲಾರಿ ಹೋಗುವುದಿಲ್ಲ, ಹೆಲಿಕಾಪ್ಟರಿನಲ್ಲಿ ದಿಮ್ಮಿ ಎತ್ತಬೇಕು, ಆ ಖರ್ಚಿಗೆ ಅರ್ಧ ಕೊಳೆತ ಮರ ಯಾರು ಕೊಳ್ಳುತ್ತಾರೆ? ಕೆಲವು ಹರಾಜಿಗೆ ಯಾರೂ ಬರಲೇ ಇಲ್ಲ. ಕೋರ್ಟು, ಧರಣಿ, ರಸ್ತೆ ತಡೆ ಬೇರೆ. 2005ರ ಕೊನೆಗೆ ಲೆಕ್ಕ ಹಾಕಿದಾಗ ಹೇಳಿದ್ದರ ಕಾಲುಭಾಗವೂ ಹೊರಬಂದಿರಲಿಲ್ಲ. ಇದರ ಮಧ್ಯೆ ಗಡಿ ತಪ್ಪಾಗಿ ಗುರುತು ಮಾಡಿ, ಬೇಬಿಫುಟ್ ಲೇಕ್ ಅನ್ನುವ ಸಸ್ಯ ಸಂರಕ್ಷಣೆಯ ಜಾಗದಲ್ಲೇ ಸುಮಾರು 17 ಎಕರೆ ಕಡಿದುಬಿಟ್ಟರು. ಮೊದಲಿನ 10 ಕೋಟಿಗೇ, ರಸ್ತೆ ಪಕ್ಕದ ಮರಕ್ಕೇ ನಿಂತಿದ್ದರೆ ಇದಕ್ಕಿಂತ ಜಾಸ್ತಿ ಸಿಗುತ್ತಿತ್ತು ಅನ್ನುವುದು ನನ್ನ ಲೆಕ್ಕ.

ಈಗ ಎರಡನೆಯದು. 2013ರ ಆಗಸ್ಟ್ 17ರಂದು ಕ್ಯಾಲಿಫೋರ್ನಿಯಾದ ಸ್ಟ್ಯಾನಿಸ್ಲಾಸ್ ಕಾಡಿನಲ್ಲಿ ಬೇಟೆಗೆ ಹೋದವನೊಬ್ಬ ಹಚ್ಚಿದ ಬೆಂಕಿ ಕೈಮೀರಿ ರಿಮ್ ಫೈರ್ ಆಯಿತು, 2,57,000 ಎಕರೆ, ಯೊಸೆಮಿಟಿ ಒಳಗೂ ಹೋಯಿತು. ಅಲ್ಲಿ ವಿನಾಯಿತಿ ಗಿನಾಯಿತಿ ಅಂತ ಹೋಗದೆ ದೊಡ್ಡ ವರದಿಯನ್ನೇ ಬರೆದರು. ಅದೂ ಒಂದೇ ವರ್ಷದಲ್ಲಿ! 2014ರ ಆಗಸ್ಟಿನಲ್ಲಿ ಸಹಿ ಬಿತ್ತು. ಹೇಗೆ? ಅಲ್ಲಿ ಬೆಂಕಿಗೆ ಮೊದಲೇ ಮರದ ವ್ಯಾಪಾರದವರೂ ಪರಿಸರದವರೂ ಒಂದೇ ಮೇಜಿಗೆ ಕೂತು ಮಾತಾಡುವ ಗುಂಪು ಇತ್ತು. ಮೇಲಿನವರು ಜನರ ಅಭಿಪ್ರಾಯ ಕೇಳುವ ಅವಧಿ ಕಡಿಮೆ ಮಾಡಲು ಒಪ್ಪಿದರು. ಕಡಿಯಲು ಆರಿಸಿದ್ದು ಸುಮಾರು 15,000 ಎಕರೆ ಮತ್ತು ರಸ್ತೆ ಪಕ್ಕದ ಅಪಾಯದ ಮರ. ಗೂಬೆಗೂ ಮರಕುಟಿಗಕ್ಕೂ ಅಂತ ಸುಟ್ಟ ಮರದ ತೋಪುಗಳನ್ನು ಹಾಗೇ ಬಿಟ್ಟರು. ಆದರೂ ಕೇಸು ಬಿತ್ತು. ಆದರೆ ಜಡ್ಜ್ ತಡೆಯಾಜ್ಞೆ ಕೊಡಲಿಲ್ಲ, ಕಡಿತ ನಡೆಯಿತು.

ಎರಡೂ ಕಡೆ ಕಾನೂನು ಒಂದೇ.

ಶಿರಸಿ ಕಡೆಯವನು:
ಒಳ್ಳೇ ಮಾಹಿತಿ. ನಮ್ಮಲ್ಲಿ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದ ಒಳಗೆ ಈ ಚರ್ಚೆಯೇ ಇಲ್ಲ. ಗೋದಾವರ್ಮನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2000ದ ಫೆಬ್ರವರಿ 14ರಂದು ಒಂದು ಆದೇಶ ಕೊಟ್ಟಿತು. ಸತ್ತ ಮರ, ಸಾಯುತ್ತಿರುವ ಮರ, ಗಾಳಿಗೆ ಬಿದ್ದ ಮರ, ಹೊಳೆಯಲ್ಲಿ ತೇಲಿ ಬಂದ ಕಟ್ಟಿಗೆ, ಹುಲ್ಲು, ಯಾವುದನ್ನೂ ಅಲ್ಲಿಂದ ತೆಗೆಯಬಾರದು ಅಂತ. ಹೊರಗಿನ ರಿಸರ್ವ್ ಫಾರೆಸ್ಟಿನಲ್ಲಿ ಬಿದ್ದ ಮರವನ್ನು ಇಲಾಖೆ ನಾಟಾ ಡಿಪೋಗೆ ತಂದು ಹರಾಜು ಹಾಕುತ್ತದೆ. ಮಳೆಗಾಲದಲ್ಲಿ ಗಾಳಿಗೆ ಬಿದ್ದ ಒಳ್ಳೇ ಮತ್ತಿ ಮರ ರಸ್ತೆಯ ಈ ಬದಿ ಬಿದ್ದರೆ ಡಿಪೋಗೆ, ಆ ಬದಿ ಬಿದ್ದರೆ ಗೆದ್ದಲಿಗೆ. ಚಿಕ್ಕವನಿದ್ದಾಗ ನನಗೂ ಹೊಟ್ಟೆ ಉರಿಯುತ್ತಿತ್ತು. ನಮ್ಮ ಅಜ್ಜ ಮಾತ್ರ "ಒಣಮರಕ್ಕೆ ಪಾಸು ಕೊಟ್ಟ ದಿವಸ ಹಸಿಮರವೂ ಒಣಗೋಕೆ ಶುರು ಮಾಡ್ತದೆ ತಮಾ" ಅನ್ನುತ್ತಿದ್ದರು. ಬುಡಕ್ಕೆ ಸುತ್ತ ತೊಗಟೆ ಕೆತ್ತಿ ಬಿಟ್ಟರೆ ಮುಂದಿನ ವರ್ಷ ಅದೇ ಒಣಮರ, ಅಲ್ವಾ?

ವಕೀಲಮ್ಮ:
@ಶಿರಸಿ ಕಡೆಯವನು, ನಿಮ್ಮ ಅಜ್ಜ ಹೇಳಿದ್ದು ಅಮೆರಿಕದಲ್ಲಿ ಕಾನೂನಾಗಿಯೇ ಬಂದಿತ್ತು! 1995ರ ಜುಲೈಯಲ್ಲಿ ಖರ್ಚು ಕಡಿತದ ಒಂದು ಮಸೂದೆಯ ಬಾಲಕ್ಕೆ ಸಾಲ್ವೇಜ್ (ಹಾಳಾದ ಮರ ಕಡಿದು ಮಾರುವುದು) ರೈಡರ್ ಅಂತ ಒಂದು ತುಂಡು ಅಂಟಿಸಿದರು, ಕ್ಲಿಂಟನ್ ಸಹಿ ಹಾಕಿದರು. ಸತ್ತ ಮರದ ಮಾರಾಟಕ್ಕೆ ಪರಿಸರ ಕಾನೂನುಗಳೆಲ್ಲ ಪಾಲನೆಯಾಗಿವೆ ಅಂತಲೇ ತಿಳಿಯಬೇಕು, ಇಲಾಖೆಯೊಳಗೆ ಮೇಲ್ಮನವಿ ಇಲ್ಲ, ಕೋರ್ಟಿಗೆ ಹೋಗುವ ದಾರಿಯೂ ಕಿರಿದು. ಅದರಲ್ಲಿ ಸಾಲ್ವೇಜ್ ಅಂದರೆ ಏನು ಅನ್ನುವ ವಿವರಣೆ ಓದಬೇಕು ನೀವು. ಸತ್ತ ಮರ, ರೋಗದ ಮರ ಸರಿ, ಅದರ ಜೊತೆಗೆ ಇನ್ನೇನು ಬೆಂಕಿಗೋ ಹುಳಕ್ಕೋ ತುತ್ತಾಗಬಹುದಾದ ಮರವೂ ಸೇರಿತ್ತು. ಬೇಸಿಗೆಯಲ್ಲಿ ಯಾವ ಮರ ಬೆಂಕಿಗೆ ತುತ್ತಾಗಲಾರದು ಹೇಳಿ? 1996ರ ಕೊನೆಗೆ ಅದರ ಅವಧಿ ಮುಗಿಯಿತು, ಸಹಿ ಹಾಕಿದ್ದು ತಪ್ಪು ಅಂತ ಕ್ಲಿಂಟನ್ ಅವರೇ ಆಮೇಲೆ ಹೇಳಿದರು. ಆ ಹೊತ್ತಿನಲ್ಲಿ ಒರೆಗಾನಿನ ವಾರ್ನರ್ ಕ್ರೀಕಿನಲ್ಲಿ ಯಾರೋ ಬೇಕೆಂದೇ ಬೆಂಕಿ ಇಟ್ಟು ಸುಟ್ಟಿದ್ದ ಕಾಡನ್ನು ಕಡಿಯಲು ಹೊರಟಾಗ, ಜನ ಹನ್ನೊಂದು ತಿಂಗಳು ರಸ್ತೆಯಲ್ಲಿ ಬಿಡಾರ ಹೂಡಿ ಕೂತಿದ್ದರು. ಚಳಿಗಾಲದ ಹಿಮದಲ್ಲೂ. ಕೊನೆಗೆ ಆ ಮಾರಾಟ ಕೈಬಿಟ್ಟರು. ಪರಿಶೀಲನೆ ತೆಗೆದರೆ ಕೆಲಸ ಬೇಗ ಆಗುತ್ತದೆ ಅನ್ನುವವರು ಈ ಹನ್ನೊಂದು ತಿಂಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮಳೆಹುಚ್ಚ ಅವರೇ, ನೀವು ಹೋದ ಜಾಗದ ಕೇಸೂ ಒಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಸುಟ್ಟ ಮರಕ್ಕೆ 250 ಎಕರೆ ಮಿತಿ ಅಂದರಲ್ಲ ಕಾಡುಹಾದಿಯವರು. ಆದರೆ ರಸ್ತೆ ರಿಪೇರಿ ಅನ್ನುವ ಇನ್ನೊಂದು ವಿನಾಯಿತಿ ಇತ್ತು, ಅದಕ್ಕೆ ಎಕರೆ ಮಿತಿಯೇ ಇಲ್ಲ. ಇಲಾಖೆಯವರು ಬುದ್ಧಿ ಓಡಿಸಿದರು. 2018ರ ರ‍್ಯಾಂಚ್ ಫೈರ್ ಆದ ಮೇಲೆ ಕ್ಯಾಲಿಫೋರ್ನಿಯಾದ ಮೆಂಡೊಸಿನೊ ಕಾಡಿನಲ್ಲಿ ರಸ್ತೆಯ ಎರಡೂ ಕಡೆ 200 ಅಡಿವರೆಗಿನ ಮರ ಕಡಿದು ಮಾರುವುದನ್ನು ರಸ್ತೆ ರಿಪೇರಿ ಅಂತ ಬರೆದರು. 2020ರ ಆಗಸ್ಟಿನಲ್ಲಿ ಒಂಬತ್ತನೇ ಸರ್ಕೀಟಿನ, ಅಂದರೆ ಪಶ್ಚಿಮದ ರಾಜ್ಯಗಳ ಫೆಡರಲ್ ಮೇಲ್ಮನವಿ ಕೋರ್ಟ್ ಇದನ್ನು ಒಪ್ಪಲಿಲ್ಲ. ರಸ್ತೆಗೆ ವಾಲಿದ ಕೊಳೆತ ಮರ ಕಡಿಯಿರಿ, ಯಾರೂ ಬೇಡ ಅನ್ನುವುದಿಲ್ಲ, 200 ಅಡಿ ದೂರದ ಮರದ ವ್ಯಾಪಾರ ರಿಪೇರಿ ಹೇಗಾದೀತು ಅನ್ನುವುದು ಅದರ ಸಾರಾಂಶ. ಇಷ್ಟಾದರೂ ಒರೆಗಾನಿನ ವಿಲಾಮೆಟ್ ಕಾಡಿನವರು, ಅಂದರೆ ನೀವು ಹೋದ ಕಡೆಯವರೇ, 2020ರ ಬೆಂಕಿಯ ನಂತರ ಅದೇ ವಿನಾಯಿತಿ ಹಿಡಿದು ಸುಮಾರು 400 ಮೈಲಿ ರಸ್ತೆಯುದ್ದಕ್ಕೂ ಕಡಿಯಲು ಹೊರಟರು. 2021ರ ನವೆಂಬರಿನಲ್ಲಿ ಫೆಡರಲ್ ಜಡ್ಜ್ ತಡೆಯಾಜ್ಞೆ ಕೊಟ್ಟರು. ಒಂದು ವರ್ಷದ ಮೇಲೆ ಎರಡು ತಿಂಗಳು ಹೋಯಿತು, ಮರವೂ ಹೋಯಿತು, ನಿಜವಾಗಿ ಅಪಾಯದಲ್ಲಿದ್ದ ರಸ್ತೆಗಳೂ ಮುಚ್ಚಿಕೊಂಡೇ ಉಳಿದವು. ಅಷ್ಟು ಹೊತ್ತಿಗೆ ನಡುವಿನ ವರದಿ ಬರೆದು ಮುಗಿಸಬಹುದಿತ್ತು ಕಣ್ರೀ!

ಪುತ್ತೂರಿನ ಗರಗಸ:
ಮೇಡಂ, ಮುಗಿಸಬಹುದಿತ್ತು ಅನ್ನುವುದು ಆಫೀಸಿನಲ್ಲಿ ಕೂತವರ ಮಾತು. ಬರೆಯುವವರು ಯಾರು? ಬೆಂಕಿ ಆರಿಸಲು ಓಡಿದವರೂ ಅದೇ ಸ್ಟಾಫ್, ಆಮೇಲೆ ಗುಡ್ಡ ಕುಸಿಯದ ಹಾಗೆ ನೋಡಿಕೊಳ್ಳುವವರೂ ಅದೇ ಸ್ಟಾಫ್ ಅಂತ ಕೇಳಿದ್ದೇನೆ. ಇತ್ತ ಮಿಲ್ಲಿನವರಿಗೆ ಬ್ಯಾಂಕು ಕಾಯುವುದಿಲ್ಲ. ಊರಿನಲ್ಲಿ ಇರುವ ಒಂದೇ ಮಿಲ್ಲು ಮುಚ್ಚಿದರೆ ಮುಂದಿನ ಸಲ ವರದಿ ಎಷ್ಟು ಚೆನ್ನಾಗಿ ಬರೆದರೂ ಸೀಳುವವರೇ ಇರುವುದಿಲ್ಲ. ಕೇಸು ಹಾಕುವವರು ಗೆಲ್ಲಲೇ ಬೇಕಂತಿಲ್ಲವಲ್ಲ, ಎರಡು ಬೇಸಿಗೆ ಎಳೆದರೆ ಸಾಕು, ಮರ ತಾನೇ ಸೋಲುತ್ತದೆ. ಅದನ್ನು ಯಾಕೆ ಯಾರೂ ಹೇಳುತ್ತಿಲ್ಲ?

ಕಾಡುಹಾದಿ:
@ಪುತ್ತೂರಿನ ಗರಗಸ, ಒಪ್ಪಿದೆ. ಸ್ಟಾಫಿನ ವಿಷಯ ನೂರಕ್ಕೆ ನೂರು ನಿಜ. ಬೇಸಿಗೆಯಿಡೀ ಬೆಂಕಿ ಡ್ಯೂಟಿ ಮಾಡಿ ಬಂದ ಜೀವಶಾಸ್ತ್ರದವರು ಚಳಿಗಾಲದಲ್ಲಿ ಕೂತು ವರದಿ ಬರೆಯುವುದನ್ನು ನಾನೇ ನೋಡಿದ್ದೇನೆ. ಗೂಬೆ ಸರ್ವೆಗೆ ಅದರದ್ದೇ ಕಾಲ ಇದೆ, ವಸಂತ ತಪ್ಪಿದರೆ ಮುಂದಿನ ವರ್ಷವೇ. ಕೇಸು ಎಳೆಯುವ ತಂತ್ರವೂ ಇದೆ, ಇಲ್ಲ ಅನ್ನುವುದಿಲ್ಲ. ಅದಕ್ಕೇ ತುರ್ತು ಸ್ಥಿತಿ ಘೋಷಣೆ ಅಂತ ಒಂದು ವ್ಯವಸ್ಥೆ ಇಟ್ಟಿದ್ದಾರೆ. ಅದು ಸಿಕ್ಕರೆ ಇಲಾಖೆಯೊಳಗಿನ ಆಕ್ಷೇಪಣೆಯ ಸುತ್ತು ಮುಗಿಯುವವರೆಗೆ ಕಾಯದೆ ತೀರ್ಮಾನವಾದ ತಕ್ಷಣ ಕೆಲಸ ಶುರು ಮಾಡಬಹುದು. ರಿಮ್ ಫೈರಿನಲ್ಲಿ ಅದನ್ನು ಬಳಸಿದರು.

ಆದರೆ ಎಲ್ಲ ಸುಟ್ಟ ಮರವೂ ಹಾಳಾಗಿ ಹೋಗುತ್ತಿದೆ ಅನ್ನುವ ಲೆಕ್ಕವೇ ನನಗೆ ಒಪ್ಪಿಗೆಯಿಲ್ಲ. ಬಿಸ್ಕಟ್ ಬೆಂಕಿಯ ಜಾಗದಲ್ಲೇ ಡೇನಿಯಲ್ ಡೊನಾಟೊ ಅನ್ನುವ ವಿದ್ಯಾರ್ಥಿ ಮತ್ತು ಜೊತೆಗಾರರು ಸಸಿ ಎಣಿಸಿದರು. ತಾನಾಗಿ ಹುಟ್ಟಿದ್ದ ಸಸಿಗಳಲ್ಲಿ ನೂರಕ್ಕೆ 71 ಭಾಗ ಕಡಿತದ ನಂತರ ಇರಲಿಲ್ಲ, ದಿಮ್ಮಿ ಎಳೆದಾಗ ಮಣ್ಣು ಕದಡಿ, ರೆಂಬೆಗಳಡಿ ಸಿಕ್ಕಿ ಹೋಗಿದ್ದವು. ನೆಲದ ಮೇಲೆ ಒಣ ಸೌದೆಯೂ ಜಾಸ್ತಿಯಾಗಿತ್ತು. 2006ರಲ್ಲಿ ಇದು ಸೈನ್ಸ್ ಪತ್ರಿಕೆಯಲ್ಲಿ ಬಂದಾಗ ಅವರದೇ ಕಾಲೇಜಿನ ಕೆಲವು ಪ್ರೊಫೆಸರುಗಳು ಪ್ರಕಟಣೆ ತಡೆಹಿಡಿಯಿರಿ ಅಂತ ಪತ್ರಿಕೆಗೆ ಬರೆದರು, ಹಣ ಕೊಟ್ಟಿದ್ದ ಸರ್ಕಾರಿ ಸಂಸ್ಥೆ ಕೆಲವು ದಿನ ಹಣವನ್ನೇ ನಿಲ್ಲಿಸಿತು. ಒಬ್ಬ ವಿದ್ಯಾರ್ಥಿ ಸಸಿ ಎಣಿಸಿದ್ದಕ್ಕೆ! ಕೆಲವೇ ವರ್ಷದ ಲೆಕ್ಕ, ಎಲ್ಲ ಕಾಡಿಗೂ ಅನ್ವಯಿಸಬೇಡಿ ಅನ್ನುವ ಟೀಕೆ ಬಂತು, ಅದೂ ನ್ಯಾಯವೇ. ಬೇಗ ಕಡಿದಿದ್ದರೆ, ಅಂದರೆ ಸಸಿ ಹುಟ್ಟುವ ಮೊದಲೇ ಕಡಿದಿದ್ದರೆ ಕಥೆ ಬೇರೆ ಇರುತ್ತಿತ್ತು ಅನ್ನುವವರೂ ಇದ್ದಾರೆ. ಇರಬಹುದು.

ಇನ್ನೊಂದು, ಕಪ್ಪು ಬೆನ್ನಿನ ಮರಕುಟಿಗ. ಹೊಸದಾಗಿ ಸುಟ್ಟ ಕಾಡು ಅಂದರೆ ಅದಕ್ಕೆ ಮದುವೆ ಊಟ. ಸತ್ತ ಮರದೊಳಗಿನ ಕೊರಕ ಹುಳದ ಮರಿಯನ್ನು ತಿನ್ನುತ್ತದೆ, ಕೆಲವು ವರ್ಷ ಕಳೆದು ಹುಳ ಕಡಿಮೆಯಾದರೆ ಬೇರೆ ಸುಟ್ಟ ಕಾಡು ಹುಡುಕಿಕೊಂಡು ಹೋಗುತ್ತದೆ. ಸುಟ್ಟ ಮರದ ಮೇಲೆ ಕೂತರೆ ಬೆನ್ನು ಕಾಣಿಸುವುದೇ ಇಲ್ಲ, ಅಷ್ಟು ಹೊಂದಿಕೊಂಡ ಬಣ್ಣ. ಮಿಲ್ಲಿನವರಿಗೆ ಯಾವ ಎರಡು ಮೂರು ವರ್ಷ ಬೇಕೋ ಅದಕ್ಕೂ ಅದೇ ವರ್ಷಗಳು ಬೇಕು.

ದಾವಣಗೆರೆ ಬೆಣ್ಣೆ:
ಈ ಹಕ್ಕಿಯ ಫೋಟೋ ಹುಡುಕಿ ನೋಡಿದೆ. ನಿಜಕ್ಕೂ ಇದ್ದಿಲಿನ ಮೇಲೆ ಇದ್ದಿಲು. ಸರಿ, ಈಗ ಟ್ರಂಪ್ ಬಂದ ಮೇಲೆ ರೂಲ್ಸ್ ಎಲ್ಲ ಎತ್ತಿಹಾಕಿದರಂತೆ, ಹೌದಾ?

ವಕೀಲಮ್ಮ:
ಕಾನೂನನ್ನೇ ಎತ್ತಿಹಾಕಿಲ್ಲ, ಸಡಿಲ ಮಾಡಿದ್ದಾರೆ. ಅದೂ ಎರಡೂ ಪಕ್ಷದ ಕಾಲದಲ್ಲಿ ಶುರುವಾದದ್ದು. 2023ರಲ್ಲಿ, ಬೈಡನ್ ಇದ್ದಾಗಲೇ, ನೀಪಾ ಕಾನೂನಿಗೇ ತಿದ್ದುಪಡಿ ತಂದು ಸಣ್ಣ ವರದಿ 75 ಪುಟ, ಒಂದು ವರ್ಷ, ದೊಡ್ಡದು 150 ಪುಟ, ಎರಡು ವರ್ಷ ಅಂತ ಮಿತಿ ಹಾಕಿದರು. 2025ರ ಏಪ್ರಿಲಿನಲ್ಲಿ ಕೃಷಿ ಇಲಾಖೆ ರಾಷ್ಟ್ರೀಯ ಅರಣ್ಯಗಳ 11 ಕೋಟಿಗೂ ಹೆಚ್ಚು ಎಕರೆಯನ್ನು ತುರ್ತು ಸ್ಥಿತಿಗೆ ಸೇರಿಸಿತು. ಒಟ್ಟು ಇರುವುದೇ 19 ಕೋಟಿ ಚಿಲ್ಲರೆ. ಅರ್ಧಕ್ಕಿಂತ ಜಾಸ್ತಿ ಕಾಡಿಗೆ ತುರ್ತು ಅಂದರೆ ಆ ಪದಕ್ಕೆ ಏನು ಬೆಲೆ ಉಳಿಯಿತು ಅಂತ ನನಗೆ ಅನ್ನಿಸಿತು. ಮೇ 29ರಂದು ಸುಪ್ರೀಂ ಕೋರ್ಟ್ ಯೂಟಾದ ಒಂದು ರೈಲು ಮಾರ್ಗದ ಕೇಸಿನಲ್ಲಿ, ನೀಪಾ ವಿಷಯದಲ್ಲಿ ಕೋರ್ಟುಗಳು ಇಲಾಖೆಯ ತೀರ್ಮಾನಕ್ಕೆ ತುಂಬ ಮನ್ನಣೆ ಕೊಡಬೇಕು ಅಂದಿತು. ಮರ ಕಡಿಯುವವರಿಗೂ ಅದು ಅನುಕೂಲವೇ. ಇನ್ನು ಕಾಡಿನ ಇನ್ನೊಂದು ಸಂಸ್ಥೆ, ಒರೆಗಾನಿನಲ್ಲಿ ಸಾಕಷ್ಟು ಜಾಗ ಇರುವ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್, 2020ರ ಕೊನೆಗೇ ತನ್ನ ಸುಟ್ಟ ಮರದ ವಿನಾಯಿತಿಯನ್ನು 250ರಿಂದ 3,000 ಎಕರೆಗೆ ಏರಿಸಿಕೊಂಡಿತ್ತು.

ನನ್ನ ಅನುಮಾನ ಇಷ್ಟೇ. ಬಾಗಿಲು ದೊಡ್ಡದಾದಷ್ಟೂ ಬಿಸ್ಕಟ್ ಥರದ ಆಸೆ ಜಾಸ್ತಿಯಾಗುತ್ತದೆ. ರಸ್ತೆ ಪಕ್ಕ, ಊರಿನ ಪಕ್ಕ, ಮೊದಲೇ ನೆಟ್ಟು ಬೆಳೆಸಿದ ತೋಪು, ಇವನ್ನು ಮೊದಲ ಚಳಿಗಾಲದಲ್ಲೇ ಕಡಿದು ಮಾರಿದರೆ ಬಹುಪಾಲು ಕೇಸೇ ಬೀಳುವುದಿಲ್ಲ. ಹಳೇ ಕಾಡಿನ ಮೀಸಲಿಗೂ ಕಡಿದಾದ ಇಳಿಜಾರಿಗೂ ಕೈಹಾಕಿದ ದಿನ ಜಗಳ ಶುರು.

ಪುತ್ತೂರಿನ ಗರಗಸ:
ಇದಕ್ಕೆ ನನ್ನ ಸಹಿಯೂ ಇದೆ ಮೇಡಂ. ಹತ್ತಿರದ ಮರ, ಬೇಗ, ಸ್ವಲ್ಪ. ವ್ಯಾಪಾರಕ್ಕೂ ಅದೇ ಒಳ್ಳೆಯದು. ಒಂದೇ ಸಲ 37 ಕೋಟಿ ಅಡಿ ಮಾರುಕಟ್ಟೆಗೆ ಬಂದರೆ ರೇಟು ಪಾತಾಳಕ್ಕೆ.

ಶಿರಸಿ ಕಡೆಯವನು:
ಅಜ್ಜ ಇದ್ದಿದ್ದರೆ ಇದನ್ನೆಲ್ಲ ಓದಿ ಹೇಳಬಹುದಿತ್ತು. ಆ ಒಣಮರದ ಮಾತು ಬಿಲ್ ಕ್ಲಿಂಟನ್‌ವರೆಗೆ ಹೋಯಿತು ಅಂತ ಖುಷಿ ಪಡುತ್ತಿದ್ದರು.

ಮಳೆಹುಚ್ಚ:
ಎಲ್ಲರಿಗೂ ಥ್ಯಾಂಕ್ಸ್. ಮಗಳಿಗೆ ಮರಕುಟಿಗದ ಭಾಗ ಓದಿ ಹೇಳಿದೆ, ಬಾಕಿಯೆಲ್ಲ ಬೋರ್ ಅಂದಳು. ಈಗ ಅವಳಿಗೆ ಆ ಹಕ್ಕಿ ನೋಡಲೇಬೇಕಂತೆ. ಮೆಕೆಂಜಿ ಕಡೆಯೇ ಸಿಗುತ್ತದಾ? ಹಾಗೇ, ಸುಟ್ಟ ಕಾಡಿನಲ್ಲಿ ಮೊರೆಲ್ ಅಣಬೆ ಚೆನ್ನಾಗಿ ಏಳುತ್ತದೆ ಅಂತ ಆಫೀಸಿನಲ್ಲಿ ಯಾರೋ ಹೇಳಿದರು.

ಕಾಡುಹಾದಿ:
ಎರಡಕ್ಕೂ ತಡವಾಯಿತು ನೀವು. ಮೊರೆಲ್ ಜೋರಾಗಿ ಏಳುವುದು ಬೆಂಕಿಯಾದ ಮರುವಸಂತದಲ್ಲಿ, ಆಮೇಲೆ ಇಳಿಯುತ್ತದೆ. ಹಕ್ಕಿಗೂ ಇನ್ನೂ ಹೊಸ ಬೆಂಕಿಯ ಜಾಗ ಬೇಕು, ಅದೂ ಕ್ಯಾಸ್ಕೇಡ್ ಬೆಟ್ಟದ ಆಚೆ, ಬೆಂಡ್ ಊರಿನ ಕಡೆ ಹುಡುಕಿ. ಬೆಳಗ್ಗೆ ಬೇಗ ಹೋಗಿ, ಮರ ಕುಟ್ಟುವ ಸದ್ದು ಕೇಳುವವರೆಗೆ ಸುಮ್ನೆ ನಿಂತಿರಿ. ಅಣಬೆ ಕೀಳುವ ಮೊದಲು ಆಯಾ ಕಾಡಿನ ಆಫೀಸಿನಲ್ಲಿ ಪರ್ಮಿಟ್ ನಿಯಮ ಕೇಳಿಕೊಳ್ಳಿ, ಒಂದೊಂದು ಕಡೆ ಒಂದೊಂದು ಥರ ಇದೆ. ಗಾಳಿ ಇರುವ ದಿನ ಮಾತ್ರ ಮಗಳನ್ನು ಒಳಗೆ ಕರೆದುಕೊಂಡು ಹೋಗಬೇಡಿ, ಐದಾರು ವರ್ಷ ನಿಂತ ಕಂಬಗಳು ಸದ್ದೇ ಇಲ್ಲದೆ ಬೀಳುತ್ತವೆ. ಕಾರನ್ನೂ ಅವುಗಳ ಕೆಳಗೆ ನಿಲ್ಲಿಸಬೇಡಿ.